ಹದಿನಾಲ್ಕು ಗಂಟೆಯ ವಿಮಾನ

ಶೋಳಿಂಗನಲ್ಲೂರು, ಚೆನ್ನೈ
ಶುಕ್ರವಾರ, ೧೧ ಜುಲೈ ೨೦೨೫, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಮಸ್ಕಾರ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಅಲ್ಲೀಗ ಚಳಿಗಾಲ, ಬೆಳಗ್ಗೆ ಬಾಗಿಲು ತೆಗೆದರೆ ಉಸಿರೇ ಹೊಗೆಯಂತೆ ಕಾಣುತ್ತದೆ ಎಂದು ನಮಿತಕ್ಕ ಹೇಳಿದಳು. ಕಾಲಿಗೆ ಸಾಕ್ಸ್ ಹಾಕಿಕೊಳ್ಳುತ್ತೀಯೋ, ಇಲ್ಲ ಮಡಿ ಎಂದು ಆ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲೇ ನಿಂತು ಅಡುಗೆ ಮಾಡುತ್ತೀಯೋ? ನೀನು ಮಾಡುವವಳೇ. ಅಕ್ಕನಿಗೆ ಗದರಿಸಲು ಹೇಳು. ಅವಳು, ಅಜಿತ್ ಭಾವ, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಅಪ್ಪ, ನಿನ್ನ ಅಳಿಯ ಸುಘೋಷ, ಪಾಪು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ಒಬ್ಬಳೇ ಎಂದೂ ಸಿಗುವುದಿಲ್ಲ ಅಮ್ಮಾ. ಯಾವಾಗ ಮಾಡಿದರೂ ಸ್ಪೀಕರ್ ಹಾಕಿರುತ್ತೀರಿ. ನಾನೊಂದು ಮಾತಾಡಿದರೆ ಅಕ್ಕ, ಭಾವ, ಹಿಂದೆ ತಿರುಗುವ ವಾಷಿಂಗ್ ಮಷೀನು ಎಲ್ಲವೂ ಕೇಳಿಸಿಕೊಳ್ಳುತ್ತವೆ. ಸುಘೋಷನ ಆಫೀಸಿನ ಪ್ರಮೋದ್ ಇವತ್ತು ರಾತ್ರಿ ಆಕ್ಲೆಂಡಿಗೆ ಹೊರಟಿದ್ದಾನೆ. ಏರ್‌ಪೋರ್ಟಿಗೆ ಹೋಗುವಾಗ ಬಂದು ಇದನ್ನು ತೆಗೆದುಕೊಳ್ಳುತ್ತಾನೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಕೊಡಕೂಡದು ಎಂದದ್ದಕ್ಕೆ, 'ಎನ್ನಕ್ಕಾ, ಕೋರ್ಟ್ ನೋಟೀಸಾ?' ಎಂದು ನಕ್ಕ. ಪಾಪು ಈಗ ತಾನೇ ಮಲಗಿದ್ದಾಳೆ. ಅವಳ ನಿದ್ದೆ ಕುಕ್ಕರಿನ ಎರಡು ಸೀಟಿಗಿಂತ ಹೆಚ್ಚು ಬಾಳುವುದಿಲ್ಲ, ಹಾಗಾಗಿ ಅಕ್ಷರ ಓಡಿದ ಹಾಗೆ ಕಂಡರೆ ಓಡಿಯೇ ಬರೆದದ್ದು ಎಂದುಕೋ. ನಾನು ಸರಿಯಾಗಿ ಮಲಗಿ ಎಷ್ಟು ದಿನವಾಯಿತೆಂದರೆ, ಮೊನ್ನೆ ಹಾಲಿನ ಪಾತ್ರೆಯನ್ನು ಬೀರುವಿನಲ್ಲಿಟ್ಟು ಪಾಪುವಿನ ಮಡಿಸಿದ ಲಂಗೋಟಿಗಳನ್ನು ಫ್ರಿಜ್ಜಿನೊಳಗೆ ಜೋಡಿಸಿದ್ದೆ. ಸುಘೋಷ ಮಜ್ಜಿಗೆಗೆಂದು ಫ್ರಿಜ್ ತೆಗೆದವನು ಏನೂ ಅನ್ನದೆ ಮುಚ್ಚಿದ. ಏನಾದರೂ ಅಂದಿದ್ದರೆ ಅಳುತ್ತಿದ್ದೆ; ಅನ್ನಲಿಲ್ಲವೆಂದು ಸ್ನಾನದ ಮನೆಗೆ ಹೋಗಿ ಅತ್ತೆ.

ಭಾನುವಾರ ನೀನು ಕೇಳಿದ್ದಕ್ಕೆ ನಾನು 'ಪಾಪು ಅಳ್ತಿದಾಳೆ, ಆಮೇಲೆ ಮಾಡ್ತೀನಿ' ಎಂದು ಫೋನಿಟ್ಟೆನಲ್ಲ, ಪಾಪು ಅಳುತ್ತಿರಲಿಲ್ಲ. ಅಪ್ಪನ ತೊಡೆಯ ಮೇಲೆ ಬೆರಳು ಚೀಪಿಕೊಂಡು ಫ್ಯಾನು ನೋಡುತ್ತಿದ್ದಳು. ನಿನ್ನ ಟಿಕೆಟ್ ಇರುವುದು ಆಗಸ್ಟ್ ಕೊನೆಗೆ. ಸೆಪ್ಟೆಂಬರಿನಲ್ಲಿ ಅಕ್ಕ ಕೆಲಸಕ್ಕೆ ಹೋಗಬೇಕು, ಅಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. 'ನಾಲ್ಕು ತಿಂಗಳು ಮುಂದಕ್ಕೆ ಹಾಕ್ಲೇನೇ ಸುಮೇ? ನೀನು ಹ್ಞೂಂ ಅಂದ್ರೆ ಮಾತ್ರ. ನಿನ್ನ ಮನಸ್ಸು ನೋಯಿಸಿ ನಾನಿಲ್ಲಿ ಇರೋಳಲ್ಲ' ಎಂದೆ. ಹಿಂದೆ ಭಾವ ಕೆಮ್ಮಿದ್ದು ಕೇಳಿಸಿತು. ಅಮ್ಮಾ, ನನ್ನ ರಜೆ ಮುಗಿಯುವುದೂ ಸೆಪ್ಟೆಂಬರಿನಲ್ಲೇ. ಇನ್ನು ಒಂದು ದಿನವೂ ಹೆಚ್ಚು ಕೊಡುವುದಿಲ್ಲ ಎಂದು ನಮ್ಮ ಅಕೌಂಟ್ಸ್ ಮೇಡಂ ಬಾಯಿಬಿಟ್ಟು ಹೇಳಿದ್ದಾರೆ. ನೀನು ಬರುತ್ತೀಯ ಎಂಬ ಧೈರ್ಯದ ಮೇಲೆಯೇ ನಾನು ಅವರಿಗೆ ಬಂದೇ ಬರುತ್ತೇನೆ ಎಂದಿದ್ದೆ. ಅಕ್ಕನ ಕೆಲಸ ಉಳಿಯಬೇಕಾದರೆ ನನ್ನದು ಹೋಗಬೇಕು, ವಿಷಯ ಇಷ್ಟೇ. ಇದನ್ನು ಆ ಕಡೆ ಇದ್ದ ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ನಾನು ಹೇಳಿದ್ದರೆ ಅಕ್ಕನ ಮಗುವಿನ ಕೈಯಿಂದ ಅಜ್ಜಿಯನ್ನು ಕಿತ್ತುಕೊಂಡವಳಾಗುತ್ತಿದ್ದೆ.

'ನಿನಗೇನೇ, ಮದರಾಸಲ್ಲಿದೀಯ, ಎಲ್ಲರೂ ಇದಾರೆ. ಅವಳಿಗೆ ಆ ಊರಲ್ಲಿ ಯಾರಿದಾರೆ?' ಎಂದು ಹೊರಡುವ ಮುಂಚೆ ನೂರು ಸಲ ಹೇಳಿದೆಯಲ್ಲ, ಆ ಎಲ್ಲರೂ ಯಾರೆಂದು ಈಗ ಹೇಳುತ್ತೇನೆ, ಕೇಳು. ಅಪ್ಪ. ಇಬ್ಬರು ಹೆಣ್ಣುಮಕ್ಕಳದೂ ಚೊಚ್ಚಲು, ಒಂದೇ ತಿಂಗಳು. ಒಬ್ಬಳಿಗೆ ಅಮ್ಮನ ಬಾಣಂತನ, ಇನ್ನೊಬ್ಬಳಿಗೆ ಅಪ್ಪನದು. ಟಿ. ನಗರದ ಮನೆಗೆ ಬೀಗ ಹಾಕಿ, ಎರಡು ಪಂಚೆ ಮತ್ತು ದೇವರ ಪೆಟ್ಟಿಗೆ ಹಿಡಿದುಕೊಂಡು ಬಂದವರು ಇನ್ನೂ ಇಲ್ಲೇ ಇದ್ದಾರೆ. ಮೂವತ್ತು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಕೂತವರು ಪಂಚೆ ಎತ್ತಿ ಕಟ್ಟಿ, ಸ್ನಾನದ ಮನೆಯಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಮೊಳಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿ ನೀರು ಹಾಕುವುದನ್ನು ನೀನು ನೋಡಬೇಕಿತ್ತು. ಮೊದಲ ದಿನ ಮಗು ಅವರ ಕೈಯಿಂದ ಹೇಗೆ ಜಾರುತ್ತಿತ್ತೆಂದರೆ, ಎದುರು ಮನೆಯ ಸರಸ ಮಾಮಿ ಬಾಗಿಲಲ್ಲೇ ನಿಂತು, 'ಮಧ್ವರಾಜ್ ಸಾರ್, ಕೊಳಂದೆ ಸಾರ್ ಅದು, ಪಾಲಿಸಿ ಇಲ್ಲೆ, ಗಟ್ಟಿಯಾ ಪಿಡಿಂಗೋ' ಎಂದು ಕೂಗಿದರು. ಮಗು ಅದು, ಪಾಲಿಸಿಯಲ್ಲ, ಗಟ್ಟಿಯಾಗಿ ಹಿಡಿಯಿರಿ, ಎಂದು. ಈಗ ಅವರೇ ಅಪ್ಪನನ್ನು ತಮ್ಮ ಸೊಸೆಗೆ ತೋರಿಸಿ 'ಇವರ ಹತ್ತಿರ ಕಲಿ' ಅನ್ನುತ್ತಾರೆ. ಅಪ್ಪನಿಗೆ ಒಳಗೊಳಗೇ ಜಂಬ. ನನಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಲು ಮಾತ್ರ ಅವರಿಂದ ಆಗುತ್ತದೆಯೇ? ಸರಸ ಮಾಮಿಯೇ ಒಂದು ವಾರ ಹಾಕಿದರು. 'ಅಮ್ಮಾ ಉಯಿರೋಡ ಇರುಕ್ಕುಂಬೋದು ನಾನು ಯಾಕೆ' ಎಂದು ಅರ್ಧ ತಮಿಳಿನಲ್ಲಿ, ಅರ್ಧ ನನಗಾಗಿ ಕಲಿತ ಕನ್ನಡದಲ್ಲಿ ಗೊಣಗಿದರು. ಅಮ್ಮ ಜೀವಂತ ಇರುವಾಗ, ಎಂದು. ನಾನು ಕಣ್ಣಿಗೆ ಸೀಗೆಪುಡಿ ಹೋಯಿತು ಎಂದೆ.

ಅಪ್ಪನ ಬಲಗಣ್ಣಿನ ಪೊರೆ ಬಲಿತಿದೆ. ಬರೆಯಬೇಡ ಎಂದಿದ್ದಾರೆ, ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ಆಗಬೇಕಿದ್ದ ಆಪರೇಷನ್ನನ್ನು 'ಕೌಸಲ್ಯಾ ಬರಲಿ' ಎಂದು ನಿನಗಾಗಿ ಮುಂದೂಡಿದ್ದಾರೆ. ಹೋದ ವಾರ ಪಾಪುವಿನ ವಿಟಮಿನ್ ಡ್ರಾಪ್ಸ್ ಹಾಕುವಾಗ ಗೆರೆ ಕಾಣದೆ ಎರಡರಷ್ಟು ತುಂಬಿಸಿದ್ದರು, ನಾನು ಕೈ ಹಿಡಿದೆ. ಅವತ್ತಿನಿಂದ ಮಗುವಿನ ಹತ್ತಿರ ಒಬ್ಬರೇ ಇರಲು ಅವರಿಗೇ ಭಯ; ನಾನು ಹಾಲು ತರಲು ಕೆಳಗಿಳಿದರೂ 'ಬೇಗ ಬಾಮ್ಮಾ' ಅನ್ನುತ್ತಾರೆ. ಇವರ ಮೇಲೆ ಬಿಟ್ಟು ನಾನು ಆಫೀಸಿಗೆ ಹೇಗೆ ಹೋಗಲಿ? ಇದರ ಜೊತೆಗೆ ಚಾತುರ್ಮಾಸ್ಯ ಶುರುವಾಗಿದೆ. ಈ ತಿಂಗಳು ಪೂರ್ತಿ ಅಪ್ಪ ತರಕಾರಿ ಮುಟ್ಟುವುದಿಲ್ಲ, ಬೇಳೆ ತೊವ್ವೆಯಲ್ಲೇ ಊಟ. ಹಾಲೂಡಿಸುವ ನನಗೆ ಮಾತ್ರ ಬೇರೆ ಒಲೆಯ ಮೇಲೆ ಪಡವಲಕಾಯಿ ಬೇಯಿಸಿ, ತಾವು ರುಚಿ ನೋಡುವಂತಿಲ್ಲದೆ, 'ಉಪ್ಪು ನೋಡಿಕೋ' ಎಂದು ತಟ್ಟೆ ಮುಂದಿಡುತ್ತಾರೆ. ಒಂದು ದಿನವೂ ಉಪ್ಪು ಸರಿ ಇರುವುದಿಲ್ಲ. ಒಂದು ದಿನವೂ ನಾನು ಹೇಳಿಲ್ಲ.

ಈಗ ಆ ಚೀಲದ ವಿಷಯ. ಫೋನಿನಲ್ಲಿ ನಾವಿಬ್ಬರೂ ಅದನ್ನು ಬಳಸಿಕೊಂಡು ಹೋಗುತ್ತೇವೆ, ಇವತ್ತು ಹೋಗುವುದಿಲ್ಲ. ನೀನು ಹೊರಟ ಶನಿವಾರ ಪ್ರಯಾಣಕ್ಕೆ ಒಳ್ಳೆಯ ದಿನವಲ್ಲ, ಬುಧವಾರ ಒಳ್ಳೆಯದು ಎಂದು ಅಪ್ಪ ಪಂಚಾಂಗ ನೋಡಿ ಹೇಳಿದರು. ಟಿಕೆಟ್ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ನಮ್ಮ ಅಜ್ಜಿ ಭೀಮಾಬಾಯಿ ಮಾಡುತ್ತಿದ್ದ ಹಾಗೆ ನೀನು ಬುಧವಾರವೇ ಪರಸ್ಥಾನ ಇಟ್ಟೆ: ನಿನ್ನ ಒಂದು ಸೀರೆ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಗಂಟು ಕಟ್ಟಿ, ಚೀಲದಲ್ಲಿ ಹಾಕಿ, ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಅವತ್ತೇ ಹೊರಟ ಹಾಗೆ. ಆಮೇಲೆ ಹೋಗುವ ದಿನ ದಾರಿಯಲ್ಲಿ ಅದನ್ನು ತೆಗೆದುಕೊಂಡು ಹೋಗುವುದು. ಆ ಮನೆ ಹೋಗುವ ದಿಕ್ಕಿನಲ್ಲೇ ಇರಬೇಕು; ಆಕ್ಲೆಂಡ್ ದಕ್ಷಿಣದ ಕಡೆಗೆ, ಟಿ. ನಗರದಿಂದ ಶೋಳಿಂಗನಲ್ಲೂರೂ ದಕ್ಷಿಣಕ್ಕೆ. ಆದ್ದರಿಂದ ಆ ಬೇರೆಯವರ ಮನೆ ನನ್ನದಾಯಿತು. ಕೊಟ್ಟ ಮಗಳ ಮನೆ ಬೇರೆಯವರದೇ, ತಪ್ಪಲ್ಲ. ಬುಧವಾರ ನೀನು ಎರಡು ಚೀಲ ತಂದೆ. ಎರಡೂ ಅಕ್ಕನ ಮದುವೆಯಲ್ಲಿ ತಾಂಬೂಲ ಕೊಟ್ಟು ಉಳಿದ ಹಳದಿ ಬಟ್ಟೆಯ ಚೀಲಗಳು, ಎರಡರ ಮೇಲೂ 'ನಮಿತಾ – ಅಜಿತ್' ಎಂದು ಕೆಂಪು ಅಕ್ಷರ. ಒಂದರಲ್ಲಿ ನಿನ್ನ ಪರಸ್ಥಾನ. ಇನ್ನೊಂದರಲ್ಲಿ ನನ್ನ ಬಾಣಂತನ: ನೀನು ಕೂತು ಕಾಯಿಸಿದ ಲೇಹ್ಯ, ಬಜೆ, ಅಜ್ಜಿಯ ಹಳೆಯ ನೂಲಿನ ಸೀರೆಗಳನ್ನು ಕತ್ತರಿಸಿ ಅಂಚು ಹೊಲಿದ ಮಗುವಿನ ಬಟ್ಟೆಗಳು. ಎರಡನ್ನೂ ನೀನೇ ಬಾಗಿಲ ಪಕ್ಕದ ಮೊಳೆಗಳಿಗೆ ತಗುಲಿಹಾಕಿದೆ.

ಶನಿವಾರ ಸಂಜೆ ಕಾರು ಕೆಳಗೆ ನಿಲ್ಲಿಸಿ ನೀನು ಮೇಲೆ ಬಂದೆ. ಒಳಗೆ ಬಾ, ಒಂದು ಲೋಟ ನೀರಾದರೂ ಕುಡಿ ಎಂದೆ ನಾನು. 'ಹೊರಟ ಮೇಲೆ ಹೊಸಿಲು ದಾಟಬಾರದು ಕಣೇ' ಎಂದು ನೀನು ಹೊರಗೇ ನಿಂತು, ಕೈ ಮಾತ್ರ ಒಳಗೆ ಚಾಚಿ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡೆ. ನನ್ನ ಹೊಟ್ಟೆಯ ಮೇಲೆ ಇನ್ನೊಂದು ಕೈ ಇಟ್ಟೆ. ಲಿಫ್ಟಿನ ಬಾಗಿಲು ಮುಚ್ಚುವ ಹೊತ್ತಿಗೆ ನಾನು ಮೊಳೆಯ ಕಡೆ ನೋಡಿದೆ. ಉಳಿದ ಚೀಲದ ಬಾಯಲ್ಲಿ ನಿನ್ನ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಅಮ್ಮಾ ಎಂದು ಕೂಗಿದೆ. ಎರಡು ಸಲ ಕೂಗಿದೆ. ನೀನು ತಿರುಗಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲಿಳಿಯಲು ಆಗದೆ ಅಪ್ಪನ ಫೋನಿಗೆ ಮಾಡಿದರೆ ನೀನು ಎತ್ತಿ, 'ಹೊರಟೋರನ್ನ ಹಿಂದಿಂದ ಕರೀತಾರೇನೇ, ಅಷ್ಟೂ ತಿಳಿಯಲ್ವೇ' ಎಂದು ಬೈದೆ. ಚೀಲ ಬದಲಾಗಿದೆ ಎಂದೆ. ಆಗ ನೀವು ಇನ್ನೂ ಸಿಗ್ನಲ್ ಕೂಡ ದಾಟಿರಲಿಲ್ಲ, ಅಪ್ಪ ಹೇಳಿದ್ದಾರೆ. ನೀನು, 'ಹೋಗ್ಲಿ ಬಿಡು, ಈಗ ತಿರುಗಿದ್ರೆ ಶಕುನ ಕೆಡುತ್ತೆ. ಮದರಾಸಲ್ಲಿ ಏನು ಸಿಗಲ್ಲ? ಕೋಯಂಬೇಡು ಮಾರ್ಕೆಟ್ಟಿಗೆ ಹೋದ್ರೆ ಎಲ್ಲಾ ಸಿಗುತ್ತೆ' ಎಂದೆ.

ಎಲ್ಲಾ ಸಿಗುತ್ತದೆ, ನಿಜ. ಬಜೆ ಸಿಕ್ಕಿತು, ಶುಂಠಿ ಸಿಕ್ಕಿತು, ಲೇಹ್ಯ ಡಬ್ಬದಲ್ಲೇ ಸಿಕ್ಕಿತು. ಅಜ್ಜಿಯ ಸೀರೆ ಕೋಯಂಬೇಡಿನಲ್ಲಿ ಯಾವ ಸಾಲಿನಲ್ಲಿ ಮಾರುತ್ತಾರಮ್ಮಾ? ನೀನು ಒಯ್ದ ಲೇಹ್ಯವನ್ನು ಅಲ್ಲಿ ಏರ್‌ಪೋರ್ಟಿನಲ್ಲಿ ಕಸದ ಡಬ್ಬಿಗೆ ಹಾಕಿಸಿದರು ಎಂದು ನೀನೇ ನಗುತ್ತಾ ಹೇಳಿದೆ. ಬಟ್ಟೆಗಳು ಉಳಿದವು. ಅಕ್ಕನ ಮಗುವಿನ ಮೊದಲ ಫೋಟೋ ಬಂತಲ್ಲ, ಎಲ್ಲರೂ ಮೂಗು ಯಾರ ಹಾಗಿದೆ ಎಂದು ನೋಡುತ್ತಿದ್ದರು, ನಾನು ಅದರ ಕೆಳಗೆ ಹಾಸಿದ್ದ ಅಜ್ಜಿಯ ಸೀರೆಯ ಬದನೆ ಬಣ್ಣದ ಅಂಚನ್ನು ನೋಡುತ್ತಿದ್ದೆ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಬೆಚ್ಚಗಿರಲಿ. ಆದರೆ ಪಾಪುವಿನ ಕೆಳಗೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಹಾಳೆ ಇತ್ತು.

ಇನ್ನು ಆ ಹದಿನಾಲ್ಕು ಗಂಟೆ. ಭಾವ ಇಂಟರ್ನೆಟ್ಟಿನಲ್ಲಿ ನೋಡಿ ಹೇಳಿದ್ದರು: ಚೆನ್ನೈಯಿಂದ ಆಕ್ಲೆಂಡಿಗೆ ಹನ್ನೊಂದು ಸಾವಿರದ ಚಿಲ್ಲರೆ ಕಿಲೋಮೀಟರ್, ಹಾರುವ ಸಮಯ ಹದಿನಾಲ್ಕು ಗಂಟೆ. ನೀನು ಅದನ್ನು ಮಂತ್ರದ ಹಾಗೆ ಹಿಡಿದುಕೊಂಡೆ. 'ಹದಿನಾಲ್ಕು ಗಂಟೆ ಅಷ್ಟೇ ಕಣೇ. ನೋವು ಬಂತು ಅಂತ ಫೋನ್ ಮಾಡು, ಮಾರನೇ ದಿನ ನಿನ್ನ ಪಕ್ಕದಲ್ಲಿರ್ತೀನಿ. ಆ ಕಾಲದಲ್ಲಿ ಮದರಾಸಿಂದ ಮಂತ್ರಾಲಯಕ್ಕೇ ಅಷ್ಟು ಹೊತ್ತು ಆಗ್ತಿತ್ತು' ಎಂದೆ. ನಿನ್ನ ಟಿಕೆಟ್ ಸಿಂಗಪುರದಲ್ಲಿ ಇಳಿದು ಹತ್ತುವುದಾಗಿದ್ದರೂ, ಅವಸರಕ್ಕೆ ನೇರ ವಿಮಾನ ಇದ್ದೇ ಇರುತ್ತದೆ ಎಂದು ನಾನೂ ನಂಬಿದೆ. ಡಾಕ್ಟರ್ ಹೇಳಿದ ದಿನಕ್ಕಿಂತ ಮೂರು ವಾರ ಮುಂಚೆಯೇ ನೋವು ಬಂದಾಗ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ. ಭಾವ ಎತ್ತಿ, 'ಅತ್ತೆ ಈಗಷ್ಟೇ ಮಲಗಿದಾರೆ ಸುಮೇಧಾ, ಎಬ್ಬಿಸ್ಲಾ?' ಎಂದರು. ಬೇಡ ಎಂದೆ. ಎಬ್ಬಿಸುವುದೋ ಬೇಡವೋ ಎಂದು ನನ್ನನ್ನೇ ಕೇಳಿದರೆ ನಾನು ಇನ್ನೇನು ಹೇಳಲಿ? ಆಸ್ಪತ್ರೆಯ ವರಾಂಡದಲ್ಲಿ ಸುಘೋಷ ಆ ಹದಿನಾಲ್ಕು ಗಂಟೆಯ ವಿಮಾನವನ್ನು ಹುಡುಕಿದ. ಇಲ್ಲ ಅಮ್ಮಾ. ಅಂಥ ವಿಮಾನವೇ ಇಲ್ಲ. ಯಾರೂ ಈ ಊರಿಂದ ಆ ಊರಿಗೆ ನೇರ ಹಾರುವುದಿಲ್ಲ. ಭೂಪಟದ ಮೇಲೆ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಒಂದು ವಿಮಾನ ಹಾರಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಎಂದು ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ, ಅಷ್ಟೇ. ನಿಜವಾಗಿ ಬರುವವರು ಸಿಂಗಪುರದಲ್ಲೋ ಇನ್ನೆಲ್ಲೋ ಇಳಿದು, ಕುರ್ಚಿಯ ಮೇಲೆ ಕಾದು, ಇನ್ನೊಂದು ಹತ್ತಿ, ಒಂದು ಹಗಲು ಒಂದು ರಾತ್ರಿ ಕಳೆದು ಬರಬೇಕು. ಅದೂ ಟಿಕೆಟ್ ಇದ್ದರೆ. ಅವತ್ತು ಇರಲಿಲ್ಲ. ಮಾರನೇ ದಿನ ನೀನು ವಿಡಿಯೋದಲ್ಲಿ ಬಂದು, 'ಅಯ್ಯೋ ಕಂದಾ, ಎಬ್ಬಿಸಬಾರದಾಗಿತ್ತೇ' ಎಂದು ಅತ್ತೆ. ನನ್ನನ್ನು ಕೇಳಿದೆಯೋ ಭಾವನನ್ನು ಕೇಳಿದೆಯೋ ತಿಳಿಯಲಿಲ್ಲ.

ಆಮೇಲೆ ಎಷ್ಟೋ ಮಧ್ಯಾಹ್ನ, ಒಂದು ಕೈಯಲ್ಲಿ ಪಾಪುವನ್ನು ತಟ್ಟುತ್ತಾ ಇನ್ನೊಂದು ಕೈಯಲ್ಲಿ ಆ ಪುಟವನ್ನು ನಾನೂ ತೆಗೆದು ನೋಡಿದ್ದೇನೆ. ನೀಲಿ ಸಮುದ್ರದ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆ, ಆ ತುದಿಗೆ ನೀನು, ಈ ತುದಿಗೆ ನಾನು. ನೋಡಿ ನೋಡಿ ನನಗೊಂದು ವಿಷಯ ಹೊಳೆಯಿತು. ನೀನು ಟಿ. ನಗರದಲ್ಲಿದ್ದೆ, ನಾನು ಶೋಳಿಂಗನಲ್ಲೂರಿನಲ್ಲಿದ್ದೆ. ಮದುವೆಯಾಗಿ ಮೂರು ವರ್ಷದಲ್ಲಿ ನೀನು ನನ್ನ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದ್ದೀಯ, ಹೇಳು. 'ಇಲ್ಲೇ ಇದೀಯಲ್ಲ, ಯಾವಾಗ ಬೇಕಾದರೂ ಬರಬಹುದು' ಎಂದೇ ಬರಲಿಲ್ಲ. ಅಕ್ಕ ವರ್ಷಕ್ಕೊಮ್ಮೆ ಬರುತ್ತಾಳೆ ಎಂದು ಹದಿನೈದು ದಿನ ಮುಂಚೆಯೇ ಹಪ್ಪಳ ಒತ್ತುತ್ತಿದ್ದೆ, ನಾನು ಆಫೀಸ್ ಕ್ಯಾಬು ಇಳಿದು ಬಂದರೆ 'ಮೊಸರನ್ನ ಇದೆ, ಹಾಕ್ಕೋ' ಅನ್ನುತ್ತಿದ್ದೆ. ಆಗ ನಾನು ಅದು ಸಲಿಗೆ ಎಂದುಕೊಂಡಿದ್ದೆ. ಈಗಲೂ ಹಾಗೇ ಎಂದುಕೊಳ್ಳಬಹುದಿತ್ತು, ನಿದ್ದೆ ಬಂದಿದ್ದರೆ. ದೂರ ಹೋದವಳಿಗೆ ಅಮ್ಮ ಬೇಕಾಗುತ್ತಾಳೆ, ಹತ್ತಿರ ಇರುವವಳಿಗೆ ಅಮ್ಮ ಇದ್ದೇ ಇರುತ್ತಾಳೆ. ನಿನ್ನ ಮನಸ್ಸಿನಲ್ಲಿ ಇರುವುದು ಇದೇ ತಾನೆ? ಹತ್ತಿರ ಇರುವುದೇ ನನ್ನ ತಪ್ಪಾಯಿತು.

ನಿನ್ನ ಪರಸ್ಥಾನದ ಚೀಲ ಇವತ್ತಿಗೂ ಅದೇ ಮೊಳೆಯ ಮೇಲಿದೆ. ಅಪ್ಪ ಎಷ್ಟೋ ಸಲ ಹೇಳಿದರು: 'ಹೋದವಳು ಹೋಗಿ ಆಯ್ತಲ್ಲಮ್ಮಾ, ಬಿಚ್ಚಿ ಅಕ್ಕಿ ತೆಗಿ, ಹುಳ ಬೀಳುತ್ತೆ.' ನಾನು ಬಿಡಲಿಲ್ಲ. ಚೀಲ ಇಟ್ಟ ಮನೆಯಿಂದ ಅದು ಹೊರಗೆ ಹೋಗದಿದ್ದರೆ ಪ್ರಯಾಣವೇ ಆಗಿಲ್ಲ ಎಂದು ಅಜ್ಜಿ ಹೇಳುತ್ತಿದ್ದರಲ್ಲ? ಹಾಗಾದರೆ ಶಾಸ್ತ್ರಕ್ಕೆ ನೀನಿನ್ನೂ ಹೊರಟೇ ಇಲ್ಲ. ನನ್ನ ಮನೆಯ ಬಾಗಿಲ ಪಕ್ಕದಲ್ಲೇ ಇದ್ದೀಯ. ಎಂಥ ಹುಚ್ಚು ನೋಡು. ಬಿ.ಕಾಂ. ರ‍್ಯಾಂಕು ಬಂದವಳು ಒಂದು ಬಟ್ಟೆ ಚೀಲವನ್ನು ಅಮ್ಮ ಎಂದುಕೊಂಡು ನಾಲ್ಕು ತಿಂಗಳು ಅದರ ಪಕ್ಕದಲ್ಲಿ ಓಡಾಡಿದ್ದೇನೆ.

ಪಾಪು ಮಿಸುಕಾಡುತ್ತಿದ್ದಾಳೆ, ಮುಗಿಸುತ್ತೇನೆ. ಅಕ್ಕನ ಮಗುವಿಗೆ ಚಿಕ್ಕಮ್ಮನ ಆಶೀರ್ವಾದ; ಅದರ ನೆತ್ತಿಗೆ ಎಣ್ಣೆ ಇಡುವಾಗ ನನ್ನ ಹೆಸರಿನಲ್ಲೂ ಒಂದು ತೊಟ್ಟು ಇಡು. ಅಕ್ಕ ಭಾವನಿಗೆ ನಮಸ್ಕಾರ. ಅಪ್ಪ ನಿನ್ನನ್ನು ಕೇಳಿದೆನೆಂದು ಹೇಳು ಎಂದರು. ಕಣ್ಣಿನ ವಿಷಯ ಬರೆದಿಲ್ಲ ತಾನೆ ಎಂದೂ ಕೇಳಿದರು. ಇಲ್ಲ ಎಂದಿದ್ದೇನೆ. ಚಳಿಯಲ್ಲಿ ಹುಷಾರು.

ಇಲ್ಲೇ ಇರುವ ನಿನ್ನ ಮಗಳು,
ಸುಮೇಧಾ

ತಾ.ಕ.: ಪ್ರಮೋದ್ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸಹಿ ಹಾಕಿದ ಮೇಲೆ ಪಾಪು ಎದ್ದು ಹಿಡಿದ ಅಳು ಯಾರು ಎತ್ತಿಕೊಂಡರೂ ನಿಲ್ಲಲಿಲ್ಲ. ಜೋಲಿ ಕಟ್ಟಿ ನೋಡು ಎಂದರು ಸರಸ ಮಾಮಿ. ಮೆತ್ತನೆಯ ಹಳೆಯ ಸೀರೆ ನನ್ನ ಹತ್ತಿರ ಯಾವುದಿದೆ? ಚೀಲ ಇಳಿಸಿ ನಿನ್ನ ಗಂಟು ಬಿಚ್ಚಿದೆ. ಅಕ್ಕಿಗೆ ಹುಳ ಬಿದ್ದಿತ್ತು, ಅಪ್ಪ ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಹಾಕಿದರು. ಗಂಟು ಇನ್ನಿಲ್ಲ; ಆದ್ದರಿಂದ ಅಮ್ಮಾ, ಶಾಸ್ತ್ರಕ್ಕೂ ಈಗ ನೀನು ಹೊರಟೆ. ಭಾನುವಾರದ ಪ್ರಶ್ನೆಗೆ ಉತ್ತರ: ನಾನು ಹ್ಞೂಂ ಅನ್ನುವುದಿಲ್ಲ. ಇರಬೇಕು ಅನ್ನಿಸಿದರೆ ಇರು, ಬೇಡವೆಂದು ಬರೆಯುತ್ತಿಲ್ಲ. ಆದರೆ ಸುಮೇಧಾ ಒಪ್ಪಿದಳು ಎಂದು ಹೇಳಿಕೊಂಡು ಇರಬೇಡ, ನೀನೇ ಆರಿಸಿಕೊಂಡು ಇರು. ಪಾಪು ನಿನ್ನ ಹಸಿರು ಸೀರೆಯಲ್ಲಿ ಮಲಗಿ ಒಂದು ಗಂಟೆಯಾಯಿತು, ಹುಟ್ಟಿದಾಗಿನಿಂದ ಇಷ್ಟು ಹೊತ್ತು ಮಲಗಿದವಳಲ್ಲ. ಒಗೆಯದೆ ಇಟ್ಟಿದ್ದ ಸೀರೆ, ಇನ್ನೂ ನಿನ್ನ ವಾಸನೆ ಇದೆ. ಯಾರದೆಂದು ಅವಳಿಗೆ ಗೊತ್ತಿಲ್ಲ.